ಚುನಾವಣೆಯಿಂದ ಅಣ್ಣ–ತಮ್ಮ ಮಾತು ಬಿಟ್ಟಿದ್ದಾರೆ, ಹುತ್ತರಿಗೆ ಐನ್‌ಮನೆಗೆ ಹೋಗುವುದಾ ಬೇಡ್ವಾ?

ಪ್ರಶ್ನೆ: ನಾವು ಕೊಡಗಿನ ವಿರಾಜಪೇಟೆ ಕಡೆಯವರು. ನನ್ನ ಗಂಡ ಮತ್ತು ಮೈದುನನ ಕಾಫಿ ತೋಟ ಅಕ್ಕಪಕ್ಕ ಇವೆ. ಕೆರೆ ಒಂದೇ, ಪಂಪ್ ಒಂದೇ, ಕಾಫಿ ಒಣಗಿಸುವ ಕಣವೂ ಒಂದೇ. 2024ರ ಲೋಕಸಭಾ ಚುನಾವಣೆಗೆ ಮೊದಲೇ ಇಬ್ಬರ ನಡುವೆ ಮಾತಿಗೆ ಮಾತು ಬೆಳೆದಿತ್ತು. ಫಲಿತಾಂಶ ಬಂದ ದಿನ ಮೈದುನನ ಮಗ ನಮ್ಮ ಗೇಟಿನ ಮುಂದೆಯೇ ಪಟಾಕಿ ಹಚ್ಚಿದ. ಅವತ್ತಿನಿಂದ ಅಣ್ಣ–ತಮ್ಮನ ನಡುವೆ ಮಾತಿಲ್ಲ. ಊರಿನ ವಾಟ್ಸಾಪ್ ಗ್ರೂಪ್ ಕೂಡ ಒಡೆದು ಎರಡಾಯಿತು. ಆನೆ ಬಂತು, ಕರೆಂಟ್ ಹೋಯ್ತು, ಮರ ಬಿತ್ತು ಅಂತ ತಿಳಿಸಲು ಮಾಡಿದ್ದ ಗ್ರೂಪ್ ಅದು. ನಮ್ಮ ಬೂತ್‌ನ ಲೆಕ್ಕ ನೋಡಿ 'ತೋಟದ ಲೈನ್ ಮನೆಯ ಕೂಲಿಯವರೇ ಹೀಗೆ ಮಾಡಿದ್ದು, ಇನ್ನು ಕೆಲಸಕ್ಕೆ ಕರೆಯಬಾರದು' ಅಂತ ಕೆಲವರು ಹೇಳುತ್ತಿದ್ದಾರೆ. ಈಗ ಸುಗ್ಗಿಯ ಹಬ್ಬ ಹುತ್ತರಿ ಹತ್ತಿರ ಬಂತು. ನಮ್ಮ ಮನೆತನದ ಮೂಲಮನೆ ಐನ್‌ಮನೆಗೆ ಹೋಗುವುದಾ ಬೇಡ್ವಾ ಅಂತ ಇವರು ಬಾಯಿ ಬಿಡುತ್ತಿಲ್ಲ. ಇದೆಲ್ಲ ತಾನಾಗಿ ಸರಿಹೋಗುತ್ತಾ? ನಾನು ಏನು ಮಾಡಲಿ?

ಉತ್ತರ:

ಹೋಗಿ. ನಿಮ್ಮ ಯಜಮಾನರು ಬರದಿದ್ದರೂ ಮಕ್ಕಳನ್ನು ಕರೆದುಕೊಂಡು ನೀವು ಹೋಗಿ. ಹೇಗೆ ಹೋಗಬೇಕು, ಯಾವಾಗ ಹೊರಡಬೇಕು ಎನ್ನುವುದನ್ನು ಮುಂದೆ ಹೇಳುತ್ತೇನೆ. 'ತಾನಾಗಿ ಸರಿಹೋಗುತ್ತಾ' ಅಂತ ಕೇಳಿದ್ದೀರಿ. ಇಲ್ಲ. ಇಂಥ ಮುನಿಸು ಬಿಟ್ಟಷ್ಟೂ ಗಟ್ಟಿಯಾಗುತ್ತದೆ. ಯಾಕೆ ಹಾಗೆ ಅಂತ ಮೊದಲು ನೋಡೋಣ. ಅದು ಗೊತ್ತಾದರೆ ಎಲ್ಲಿಂದ ಶುರು ಮಾಡಬೇಕು ಅಂತಲೂ ಗೊತ್ತಾಗುತ್ತದೆ.

ಯಾರು ಯಾವ ಪಕ್ಷ ಅಂತ ನೀವು ಬರೆದಿಲ್ಲ. ಒಳ್ಳೆಯದೇ ಆಯಿತು. ಕುಟುಂಬ ಸಮಾಲೋಚನೆ ನನ್ನ ಕೆಲಸ. ಮೊದಲೆಲ್ಲ ಆಸ್ತಿ ಪಾಲು, ಕುಡಿತ, ಮದುವೆಯ ತಕರಾರು ಇಟ್ಟುಕೊಂಡು ಜನ ಬರುತ್ತಿದ್ದರು. ಈಗ ಪ್ರತಿ ದೊಡ್ಡ ಚುನಾವಣೆ ಕಳೆದ ಮೇಲೂ ನಿಮ್ಮಂಥ ಮನೆಯವರು ಬರುತ್ತಾರೆ. ಎರಡು ಪಕ್ಷದ ಹೆಸರನ್ನು ಅದಲು ಬದಲು ಮಾಡಿದರೂ ಕಥೆ ಹೆಚ್ಚುಕಡಿಮೆ ಅದೇ ಇರುತ್ತದೆ. ಅದೇ ಗೇಟು, ಅದೇ ಪಟಾಕಿ, ಅದೇ ಗ್ರೂಪು.

ಈ ಜಗಳ ಫಲಿತಾಂಶದ ದಿನ, ಜೂನ್ 4ಕ್ಕೆ, ಹುಟ್ಟಿದ್ದಲ್ಲ. ಕೊಡಗಿನಲ್ಲಿ ಮತದಾನ ಆದದ್ದು ಏಪ್ರಿಲ್ 26ಕ್ಕೆ. ಎಣಿಕೆ ಆದದ್ದು ಜೂನ್ 4ಕ್ಕೆ. ನಡುವೆ 39 ದಿನ. ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದವರು ಅಷ್ಟು ದಿನ ಸುಮ್ನೆ ಕಾಯಬೇಕಿತ್ತು. ಮನಸ್ಸು ಈ ಹೊತ್ತಿನಲ್ಲಿ ಏನು ಮಾಡುತ್ತದೆ ಅಂತ ತೋರಿಸುವ ಒಂದು ಹಳೆಯ ಅಧ್ಯಯನವಿದೆ. 1968ರಲ್ಲಿ ನಾಕ್ಸ್ ಮತ್ತು ಇಂಕ್‌ಸ್ಟರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಕೆನಡಾದ ಕುದುರೆ ರೇಸಿಗೆ ಹೋದರು. ಬಾಜಿ ಕಟ್ಟಲು ಹೊರಟವರನ್ನು 'ನಿಮ್ಮ ಕುದುರೆ ಗೆಲ್ಲುತ್ತಾ' ಅಂತ ಕೇಳಿದರು. ಆಗಷ್ಟೇ ದುಡ್ಡು ಕಟ್ಟಿ ಬಂದವರನ್ನೂ ಅದನ್ನೇ ಕೇಳಿದರು. ಕಟ್ಟಿ ಬಂದವರಿಗೆ ಭರವಸೆ ಜಾಸ್ತಿ ಇತ್ತು. ಕುದುರೆ ಅದೇ, ರೇಸ್ ಇನ್ನೂ ಶುರುವಾಗಿಲ್ಲ. ಆದರೂ ದುಡ್ಡು ಕೈಬಿಟ್ಟ ಕ್ಷಣದಿಂದ ಅನುಮಾನ ಕಮ್ಮಿಯಾಗಿತ್ತು.

ಮತ ಹಾಕಿದ ಮೇಲೂ ಹೀಗೇ ಆಗುತ್ತದೆ. ಹಾಕುವ ಮುಂಚೆ ಎಷ್ಟೋ ಜನ ಹಿಂದೆಮುಂದೆ ನೋಡುತ್ತಾರೆ. ಈ ಪಕ್ಷದ್ದು ಇದು ಹಿಡಿಸಲ್ಲ, ಆ ಅಭ್ಯರ್ಥಿ ಪರವಾಗಿಲ್ಲ ಅಂತ ಅಳೆದು ತೂಗುತ್ತಾರೆ. ಗುಂಡಿ ಒತ್ತಿ ಹೊರಗೆ ಬಂದ ಮೇಲೆ ಆ ಅಳತೆ ನಿಂತುಹೋಗುತ್ತದೆ. ಆಮೇಲೆ ಯಾರಾದರೂ ಆ ಪಕ್ಷವನ್ನು ಬೈದರೆ 'ನಿನ್ನ ತೀರ್ಮಾನವೇ ತಪ್ಪು' ಅಂತ ನಮ್ಮನ್ನೇ ಬೈದ ಹಾಗೆ ಕೇಳಿಸುತ್ತದೆ. ನಿಮ್ಮ ಯಜಮಾನರಿಗೂ ಮೈದುನನಿಗೂ ಆ 39 ದಿನ ಆದದ್ದು ಇದೇ ಇರಬೇಕು.

ಜೊತೆಗೆ ಆ ಸಲದ ಫಲಿತಾಂಶವೂ ವಿಚಿತ್ರವಾಗಿತ್ತು. ಮಿತ್ರಪಕ್ಷಗಳ ಜೊತೆ ನಾನೂರು ದಾಟುತ್ತೇವೆ ಅಂದಿದ್ದ ಬಿಜೆಪಿಗೆ ಬಂದದ್ದು 240. ಬಹುಮತಕ್ಕೆ 272 ಬೇಕು. ಮಿತ್ರಪಕ್ಷಗಳೆಲ್ಲ ಸೇರಿ 293 ಆಗಿ ಸರ್ಕಾರ ಬಂತು. ಕಾಂಗ್ರೆಸ್‌ಗೆ ಬಂದದ್ದು 99. ಅಷ್ಟಕ್ಕೇ ಅಲ್ಲೂ ಸಂಭ್ರಮ. ನಮ್ಮ ಮೈಸೂರು–ಕೊಡಗು ಕ್ಷೇತ್ರದಲ್ಲಿ ಬಿಜೆಪಿಯ ಯದುವೀರ್ ಒಡೆಯರ್ ಕಾಂಗ್ರೆಸ್‌ನ ಎಂ. ಲಕ್ಷ್ಮಣ ಅವರನ್ನು ಸುಮಾರು 1.39 ಲಕ್ಷ ಮತಗಳಿಂದ ಸೋಲಿಸಿದರು. ಅಂದರೆ ದಿಲ್ಲಿಯಲ್ಲಿ ಗೆದ್ದವರಿಗೆ ಸೋತ ಕಸಿವಿಸಿ, ಸೋತವರಿಗೆ ಗೆದ್ದ ಖುಷಿ, ಕ್ಷೇತ್ರದ ಲೆಕ್ಕ ಇನ್ನೊಂದು. ಎರಡೂ ಮನೆಯವರಿಗೆ ಪಟಾಕಿ ಹಚ್ಚಲು ಕಾರಣ ಇತ್ತು, ಮುಖ ಊದಿಸಿಕೊಳ್ಳಲೂ ಕಾರಣ ಇತ್ತು. ಒಬ್ಬರು ಸ್ಪಷ್ಟವಾಗಿ ಗೆದ್ದಿದ್ದರೆ ಇನ್ನೊಬ್ಬರು 'ಹೋಗ್ಲಿ ಬಿಡು' ಅನ್ನುವುದು ಸ್ವಲ್ಪ ಸುಲಭ. ಇಲ್ಲಿ ಅದಕ್ಕೂ ಅವಕಾಶ ಆಗಲಿಲ್ಲ.

ಇದೇ ಜಿಲ್ಲೆ ಅದಕ್ಕೆ ಒಂದು ವರ್ಷ ಹಿಂದೆ, 2023ರಲ್ಲಿ, ಮಡಿಕೇರಿ ಮತ್ತು ವಿರಾಜಪೇಟೆ ಎರಡೂ ಕಡೆ ಕಾಂಗ್ರೆಸ್ ಶಾಸಕರನ್ನು ಗೆಲ್ಲಿಸಿತ್ತು. ಅದಕ್ಕೂ ಮುಂಚೆ ಅಲ್ಲಿ ಬಿಜೆಪಿಯವರಿದ್ದರು. ಹಾಗಾದರೆ ನಡುವೆ ಪಕ್ಷ ಬದಲಿಸಿ ಮತ ಹಾಕಿದವರು ಇದ್ದೇ ಇದ್ದಾರೆ, ಅಲ್ವಾ? ನಿಮ್ಮ ಊರಿನಲ್ಲೂ ಇದ್ದಾರೆ. ಅವರು ಬಾಯಿ ಬಿಡುವುದಿಲ್ಲ ಅಷ್ಟೇ. ಬಾಯಿ ಬಿಡುವವರನ್ನೇ ನೋಡುತ್ತಾ ನಾವು ಊರೇ ಎರಡು ಭಾಗ ಆಗಿದೆ ಅಂದುಕೊಳ್ಳುತ್ತೇವೆ.

ಇದು ನಮ್ಮಲ್ಲಿ ಮಾತ್ರ ಇರುವ ಕಾಯಿಲೆಯೂ ಅಲ್ಲ. 2016ರ ಜೂನ್ 23ರಂದು ಬ್ರಿಟನ್ನಿನಲ್ಲಿ ಐರೋಪ್ಯ ಒಕ್ಕೂಟದಲ್ಲಿ ಉಳಿಯಬೇಕೋ ಬಿಡಬೇಕೋ ಅಂತ ಜನಮತ ಕೇಳಿದರು. ಬಿಡಬೇಕು ಅಂದವರು ಶೇ. 51.9, ಉಳಿಯಬೇಕು ಅಂದವರು ಶೇ. 48.1. ಮತದಾನಕ್ಕೆ ಒಂದು ವಾರ ಮೊದಲು ಜೋ ಕಾಕ್ಸ್ ಎಂಬ ಸಂಸದೆಯನ್ನು ಹಾಡಹಗಲೇ ಕೊಂದಿದ್ದರು. ಆ ದೇಶದ ಜನ ಅದಕ್ಕೂ ಮೊದಲು ಒಕ್ಕೂಟದ ಬಗ್ಗೆ ದಿನಾ ಜಗಳ ಆಡುತ್ತಿದ್ದವರೇನಲ್ಲ. ಆದರೆ ಆಮೇಲೆ ವರ್ಷಗಟ್ಟಲೆ 'ನಾನು ಬಿಡುವವನು', 'ನಾನು ಉಳಿಯುವವನು' ಎನ್ನುವುದೇ ಅವರ ಗುರುತಾಯಿತು. ಹೋಬೋಲ್ಟ್, ಲೀಪರ್, ಟಿಲಿ ಎಂಬ ಮೂವರು ಸಂಶೋಧಕರು ಇದನ್ನು ಬೆನ್ನುಹತ್ತಿ ನೋಡಿದರು. ಜನರಿಗೆ ತಮ್ಮ ಪಕ್ಷಕ್ಕಿಂತಲೂ ಆ ಒಂದು ಮತದ ಗುರುತೇ ಹೆಚ್ಚು ಹತ್ತಿರವಾಗಿತ್ತು. ಆ ಕಡೆಯವರು ಸ್ವಾರ್ಥಿಗಳು, ಮೋಸಗಾರರು, ಈ ಕಡೆಯವರು ಪ್ರಾಮಾಣಿಕರು ಎಂದೇ ಇಬ್ಬರೂ ನಂಬಿದ್ದರು.

ಹಾಗಂತ ಹೊರದೇಶಕ್ಕೇ ಹೋಗಬೇಕಾಗಿಲ್ಲ. ನಮ್ಮ ತಾತಂದಿರು ಇದಕ್ಕಿಂತ ದೊಡ್ಡದನ್ನು ಕಂಡವರು. 1952ರಲ್ಲಿ ಕೊಡಗು ತನ್ನದೇ ವಿಧಾನಸಭೆ ಇದ್ದ ಸಣ್ಣ ರಾಜ್ಯ. 24 ಸ್ಥಾನ. ಮೈಸೂರಿನ ಜೊತೆ ಸೇರಬೇಕೋ, ಬೇರೆಯಾಗಿಯೇ ಉಳಿಯಬೇಕೋ ಎನ್ನುವುದೇ ಆ ಚುನಾವಣೆಯ ದೊಡ್ಡ ಮಾತು. ವಿಲೀನದ ಪರ ಇದ್ದ ಕಾಂಗ್ರೆಸ್‌ಗೆ 15 ಬಂತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆದರು. ಬೇಡ ಅಂದ ಪಂದ್ಯಂಡ ಬೆಳ್ಳಿಯಪ್ಪನವರ ತಕ್ಕಡಿ ಪಕ್ಷಕ್ಕೆ 9 ಬಂತು. ಇಬ್ಬರೂ ಸ್ವಾತಂತ್ರ್ಯ ಹೋರಾಟದಲ್ಲಿದ್ದವರೇ. 1956ರ ನವೆಂಬರ್ 1ಕ್ಕೆ ಕೊಡಗು ಮೈಸೂರು ರಾಜ್ಯಕ್ಕೆ ಸೇರಿತು. ಯೋಚನೆ ಮಾಡಿ, ಒಂದು ನಾಡು ತನ್ನ ಹೆಸರಿನ ರಾಜ್ಯವೇ ಇರಬೇಕೋ ಬೇಡವೋ ಅಂತ ಮತ ಹಾಕಿತ್ತು. ಇವತ್ತಿನ ಯಾವ ಜಗಳವೂ ಅದರ ಮುಂದೆ ಚಿಕ್ಕದೇ. ವಿಲೀನ ಸರಿಯಾಯಿತಾ ಅಂತ ಹಿರಿಯರನ್ನು ಕೇಳಿದರೆ ಈಗಲೂ ಎರಡು ಥರದ ಉತ್ತರ ಬರುತ್ತದೆ. ಆದರೆ 'ನಿಮ್ಮ ತಾತ ತಕ್ಕಡಿಯವರಾ' ಅಂತ ಕೇಳಿ ಹೆಣ್ಣು ಕೊಡುವವರನ್ನು ನಾನು ಕಂಡಿಲ್ಲ. ಭಿನ್ನಾಭಿಪ್ರಾಯ ಹಾಗೇ ಉಳಿಯಿತು. ಸಾವಿನ ಮನೆಗೆ ಹೋಗುವುದು, ಮದುವೆಗೆ ಕೈ ಜೋಡಿಸುವುದು ನಡೆದುಕೊಂಡು ಬಂತು. ನಿಮ್ಮ ಮನೆಯಲ್ಲಿ ನಾವು ನೋಡಬೇಕಾದ್ದು ಇಷ್ಟೇ. ಒಬ್ಬರು ಇನ್ನೊಬ್ಬರ ಪಕ್ಷವನ್ನು ಒಪ್ಪಬೇಕಾಗಿಲ್ಲ. ನಡೆಯಬೇಕಾದ ಕೆಲಸಗಳು ನಿಲ್ಲದಂತೆ ನೋಡಿಕೊಂಡರೆ ಸಾಕು.

ಈಗ ಅಣ್ಣ–ತಮ್ಮನ ವಿಷಯಕ್ಕೆ ಬರುತ್ತೇನೆ. ಇಂಥವರು ಎದುರು ಕೂತರೆ ನಾನು ಮೊದಲು ಮಾಡಿಸುವ ಕೆಲಸ ಒಂದಿದೆ. 'ನಿಮ್ಮ ಅಭಿಪ್ರಾಯ ಬೇಡ. ಅವರ ಅಭಿಪ್ರಾಯ ಏನು ಅಂತ ನೀವು ಹೇಳಿ' ಅನ್ನುತ್ತೇನೆ. ಒಂದು ಸಲ ಇಂಥದೇ ಒಂದು ಮನೆಯ ಅಣ್ಣ ಥಟ್ಟನೆ ಹೇಳಿದರು: "ಅವನಿಗೆ ಹೊರಗಿನಿಂದ ಬಂದ ಕೆಲಸದವರನ್ನೆಲ್ಲ ಓಡಿಸಬೇಕು, ಮತ್ತೇನು?" ತಮ್ಮನಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. "ನಾನು ಯಾವಾಗ ಹಾಗೆ ಹೇಳಿದೆ? ಓಡಿಸಿದರೆ ನನ್ನ ಕಾಫಿ ಕುಯ್ಯುವವರು ಯಾರು?" ಆಮೇಲೆ ತಮ್ಮನ ಸರದಿ. "ಅಣ್ಣನಿಗೆ ದೇಶ, ಸೇನೆ ಯಾವುದೂ ಬೇಡ" ಅಂದರು. ಅಣ್ಣ ಮಾತಾಡಲೇ ಇಲ್ಲ. ಅವರ ಅಪ್ಪ ಸೇನೆಯಲ್ಲಿದ್ದವರು. ಅಪ್ಪನ ಟ್ರಂಕು ಇವತ್ತಿಗೂ ಅಣ್ಣನ ಕೋಣೆಯಲ್ಲಿದೆ. ತಮ್ಮನಿಗೂ ಅದು ಗೊತ್ತು. ಹೇಳಿ ಮುಗಿಸುವಷ್ಟರಲ್ಲೇ ಅವರ ದನಿ ಇಳಿದುಹೋಯಿತು.

2019ರಲ್ಲಿ ಅಮೆರಿಕದಲ್ಲಿ ಮೋರ್ ಇನ್ ಕಾಮನ್ ಎಂಬ ಸಂಸ್ಥೆ ಇದೇ ಪ್ರಶ್ನೆಯನ್ನು ದೊಡ್ಡದಾಗಿ ಕೇಳಿತ್ತು. ಎದುರು ಪಕ್ಷದವರಲ್ಲಿ ಅತಿರೇಕದವರು ಎಷ್ಟು ಜನ ಅಂತ ಎರಡೂ ಕಡೆಯವರು ಅಂದಾಜು ಹೇಳಿದರು. ಎರಡೂ ಕಡೆಯವರು ನಿಜಕ್ಕಿಂತ ತುಂಬ ಜಾಸ್ತಿ ಹೇಳಿದರು. ಹಗಲೂ ರಾತ್ರಿ ರಾಜಕೀಯ ಸುದ್ದಿ ನೋಡುವವರ ಅಂದಾಜೇ ಹೆಚ್ಚು ತಪ್ಪಿತ್ತು. ರಾಜಕೀಯವನ್ನು ಅಷ್ಟಾಗಿ ಹಚ್ಚಿಕೊಳ್ಳದವರು ಎದುರಿನವರನ್ನು ಹೆಚ್ಚು ಸರಿಯಾಗಿ ಅಳೆದಿದ್ದರು. ನಿಮ್ಮ ಯಜಮಾನರು ಊಟ ಮಾಡುತ್ತಲೂ ಚಾನೆಲ್ ಚರ್ಚೆ ನೋಡುತ್ತಾರಾದರೆ, ಊಟದ ಹೊತ್ತಿಗೆ ಟಿವಿ ಆಫ್ ಮಾಡಿ. ಇದು ಸಣ್ಣ ಸಲಹೆ ಅಂತ ಅನ್ನಿಸಬಹುದು. ನಾನು ಕೊಡುವ ಸಲಹೆಗಳಲ್ಲಿ ಹೆಚ್ಚು ಕೆಲಸ ಮಾಡಿದ್ದು ಇದು.

ವಾಟ್ಸಾಪ್ ಗ್ರೂಪಿನದೂ ಇದೇ ಗೋಳು. ಒಂದು ಕೆಲಸ ಮಾಡಿ. ಜಗಳ ಆದ ದಿನದ ಮೆಸೇಜುಗಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ. ಎಷ್ಟರ ಮೇಲೆ ಎರಡು ಬಾಣದ ಗುರುತು ಇದೆ? ಆ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದ ಮೆಸೇಜು ಅಂತ ಅರ್ಥ. ನಿಮ್ಮ ಮೈದುನ ಸ್ವಂತವಾಗಿ ಬರೆದ ಸಾಲು ಎಷ್ಟಿದೆ? ನಿಮ್ಮ ಯಜಮಾನರದ್ದು ಎಷ್ಟಿದೆ? ಹೆಚ್ಚಿನ ಮನೆಗಳಲ್ಲಿ ನಾನು ಕಂಡಂತೆ ಅಣ್ಣ–ತಮ್ಮ ಇಬ್ಬರೂ ಬರೆಯದೇ ಇದ್ದ ಮಾತುಗಳಿಗಾಗಿ ಮಾತು ಬಿಟ್ಟಿರುತ್ತಾರೆ. ಬರೆದವರು ಎಲ್ಲೋ ಇದ್ದಾರೆ. ಅವರಿಗೆ ನಿಮ್ಮ ಊರಿನ ಹೆಸರೂ ಗೊತ್ತಿಲ್ಲ.

ಗ್ರೂಪ್ ಒಡೆದದ್ದರಲ್ಲಿ ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಆನೆಯ ವಿಷಯ. ನಮ್ಮ ಜಿಲ್ಲೆಯಲ್ಲಿ ಬೆಳಗ್ಗೆ ತೋಟಕ್ಕೆ ಹೊರಟವರು, ಹಾಲು ತರಲು ಹೋದವರು ಆನೆ ತುಳಿತಕ್ಕೆ ಸಿಕ್ಕಿ ಸತ್ತಿದ್ದಾರೆ. ಆ ಮಾಹಿತಿ ಅರ್ಧ ಊರಿಗೆ ಮುಟ್ಟುತ್ತಿಲ್ಲ ಅಂದರೆ ಅದು ಮುನಿಸಿನ ಮಾತಾಗಿ ಉಳಿಯಲಿಲ್ಲ, ಜೀವದ ಮಾತಾಯಿತು. ಒಡೆದ ಎರಡು ಗ್ರೂಪನ್ನು ಮತ್ತೆ ಸೇರಿಸಲು ಹೋಗಬೇಡಿ, ಆಗುವುದಿಲ್ಲ. ಮೂರನೆಯದನ್ನು ಮಾಡಿ. ಅಡ್ಮಿನ್‌ಗಳು ಮಾತ್ರ ಮೆಸೇಜ್ ಹಾಕುವ ಹಾಗೆ ಸೆಟ್ ಮಾಡಿ. ಎರಡೂ ಕಡೆಯಿಂದ ಇಬ್ಬಿಬ್ಬರು ಅಡ್ಮಿನ್ ಇರಲಿ. ಲೈನ್ ಮನೆಗಳಿಂದಲೂ ಒಬ್ಬರು ಇರಲೇಬೇಕು, ಆನೆ ಮೊದಲು ಎದುರಾಗುವುದು ಅವರಿಗೇ. ಆನೆ, ಕರೆಂಟು, ರಸ್ತೆ, ಸಾವು ಇಷ್ಟು ಬಿಟ್ಟು ಬೇರೇನೂ ಬೇಡ. ಗುಡ್ ಮಾರ್ನಿಂಗ್ ಕೂಡ ಬೇಡ.

ಈಗ ಲೈನ್ ಮನೆಯ ವಿಷಯ. ನಿಮ್ಮ ಪತ್ರದಲ್ಲಿ ಇದು ಒಂದೆರಡು ಸಾಲಿನಲ್ಲಿ ಬಂದು ಹೋಗಿದೆ. ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಇದೇ. ಅಣ್ಣ–ತಮ್ಮ ಸಮಾನರು. ಇಬ್ಬರಿಗೂ ತೋಟ ಇದೆ, ಮನೆ ಇದೆ, ಮುನಿಸಿಕೊಂಡು ಕೂರುವ ಶಕ್ತಿ ಇದೆ. ದಿನದ ಕೂಲಿ ನಂಬಿದವರಿಗೆ ಅದು ಇಲ್ಲ. ಅವರ ಮೇಲೆ ಹರಿಹಾಯುವುದನ್ನು 'ಎರಡೂ ಕಡೆ ತಪ್ಪಿದೆ' ಅಂತ ತೂಗಲು ಆಗುವುದಿಲ್ಲ.

ಬೂತ್‌ನ ಲೆಕ್ಕ ಊರಿಗೆ ಹೇಗೆ ಗೊತ್ತಾಗುತ್ತದೆ ಅಂದರೆ, ಎಣಿಕೆ ಮುಗಿದ ಮೇಲೆ ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಮತ ಬಂತು ಅಂತ ಫಾರಂ 20 ಎಂಬ ಪಟ್ಟಿ ಹೊರಬರುತ್ತದೆ. ಯಂತ್ರವನ್ನೂ ಬೂತ್‌ವಾರು ಎಣಿಸುವುದರಿಂದ ಏಜೆಂಟರು ಅಲ್ಲೇ ಕೂತು ಬರೆದುಕೊಂಡಿರುತ್ತಾರೆ. ಪಟ್ಟಣದಲ್ಲಿ ಇದರಿಂದ ಏನೂ ಗೊತ್ತಾಗುವುದಿಲ್ಲ. ಕೆಲವೇ ನೂರು ಮತ ಇರುವ ಕೊಡಗಿನ ಬೂತ್‌ನಲ್ಲಿ ಮಾತ್ರ ಎಲ್ಲರೂ ಲೆಕ್ಕ ಹಾಕಲು ಶುರು ಮಾಡುತ್ತಾರೆ. ನಮ್ಮವರು ಇಷ್ಟು, ಅವರು ಅಷ್ಟು, ಹಾಗಾದರೆ ಇದು ಅವರದೇ ಕೆಲಸ ಅಂತ. ಈ ಲೆಕ್ಕ ಬರೀ ಊಹೆ. ನಮ್ಮವರು ಅಂದುಕೊಂಡವರಲ್ಲಿ ಯಾರು ಏನು ಒತ್ತಿದ್ದಾರೆ ಅಂತ ದೇವರಿಗೇ ಗೊತ್ತು. ಕಾಗದದ ಮತಪತ್ರದ ಕಾಲದಲ್ಲಿ ಬೇರೆ ಬೇರೆ ಬೂತ್‌ಗಳ ಮತಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಯಂತ್ರಕ್ಕೂ ಟೋಟಲೈಸರ್ ಎಂಬ ಸಾಧನ ಜೋಡಿಸಿ ಒಟ್ಟಿಗೆ ಎಣಿಸೋಣ ಅಂತ ಚುನಾವಣಾ ಆಯೋಗ 2008ರಲ್ಲಿ ಕೇಳಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 255ನೇ ವರದಿಯಲ್ಲಿ ಇದೇ ಶಿಫಾರಸು ಮಾಡಿತು. ಚುನಾವಣೆ ಆದ ಮೇಲೆ ಸಣ್ಣ ಊರು, ಸಣ್ಣ ಕೇರಿಗಳ ಮೇಲೆ ಸೇಡು ತೀರಿಸಿಕೊಳ್ಳಬಾರದು ಎನ್ನುವುದೇ ಅದರ ಕಾರಣ. 2024ರ ಎಣಿಕೆಯೂ ಅದಿಲ್ಲದೆಯೇ ನಡೆಯಿತು. ಇದು ಬೇಗ ಬರಬೇಕು ಅಂತ ನಾನು ಬಲವಾಗಿ ನಂಬಿದ್ದೇನೆ. ನಿಮ್ಮ ಊರಿನಂಥ ಊರುಗಳಿಗೆ ಅದರಿಂದ ನೇರ ಉಪಯೋಗ ಇದೆ.

ಕಾನೂನು ಇವತ್ತೇ ಹೇಳುವುದೂ ಕಮ್ಮಿಯಿಲ್ಲ. 1951ರ ಪ್ರಜಾಪ್ರತಿನಿಧಿ ಕಾಯ್ದೆಯ 94ನೇ ಕಲಂ ಪ್ರಕಾರ ಯಾರಿಗೆ ಮತ ಹಾಕಿದೆ ಅಂತ ಹೇಳುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ. ನಿಮ್ಮ ಕಡೆಯ ಲೈನ್ ಮನೆಗಳಲ್ಲಿ ಯರವ, ಕುರುಬ ಬುಡಕಟ್ಟಿನವರು ಇದ್ದರೆ ಇನ್ನೂ ಒಂದು ಮಾತು ಗೊತ್ತಿರಲಿ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ ಆದ ತಿದ್ದುಪಡಿಯಲ್ಲಿ, ಮತದಾನದ ನಂತರ ಅವರಿಗೆ ಸಾಮಾಜಿಕ ಅಥವಾ ಆರ್ಥಿಕ ಬಹಿಷ್ಕಾರ ಹಾಕುವುದನ್ನು, ಹಾಕುತ್ತೇವೆ ಅಂತ ಬೆದರಿಸುವುದನ್ನು ಕೂಡ ಅಪರಾಧ ಅಂತ ಸೇರಿಸಿದ್ದಾರೆ. 'ಇನ್ನು ಕೆಲಸಕ್ಕೆ ಕರೆಯಬಾರದು' ಎಂದು ಹಗುರವಾಗಿ ಆಡಿದ ಮಾತು ಎಲ್ಲಿಗೆ ಹೋಗಿ ಮುಟ್ಟಬಹುದು ಅಂತ ಆಡಿದವರಿಗೆ ಗೊತ್ತಿಲ್ಲದೆ ಇರಬಹುದು. ಗೊತ್ತು ಮಾಡಿಸಿ. ಯಾರಾದರೂ ಲೈನಿಗೆ ಹೋಗಿ ಬೆದರಿಸಿದರೆ ಅದು ಪಂಚಾಯ್ತಿ ಮಾಡಿ ಮುಗಿಸುವ ವಿಷಯ ಅಲ್ಲ. 112ಕ್ಕೆ ಫೋನ್ ಮಾಡಿ, ಠಾಣೆಗೆ ದೂರು ಕೊಡಿಸಿ, ಅವರ ಜೊತೆ ನೀವೇ ಹೋಗಿ.

ಬ್ರಿಟನ್ನಿನ ಒಂದು ಅಂಕಿ ಇಲ್ಲಿ ನೆನಪಿಡಬೇಕು. ಜನಮತ ಆದ ಮರು ತಿಂಗಳು, 2016ರ ಜುಲೈನಲ್ಲಿ, ಇಂಗ್ಲೆಂಡ್ ಮತ್ತು ವೇಲ್ಸ್‌ನ ಪೊಲೀಸರು ದಾಖಲಿಸಿದ ಜನಾಂಗ, ಧರ್ಮದ ದ್ವೇಷದ ಅಪರಾಧಗಳು ಹಿಂದಿನ ವರ್ಷದ ಜುಲೈಗಿಂತ ಶೇ. 41 ಜಾಸ್ತಿ ಆಗಿದ್ದವು. ಒಂದೇ ತಿಂಗಳಲ್ಲಿ ಜನ ಅಷ್ಟು ಕೆಟ್ಟವರಾಗಿಬಿಟ್ಟರು ಅಂತ ನನಗೆ ಅನಿಸುವುದಿಲ್ಲ. ಒಳಗೆ ಸಿಟ್ಟು ಇಟ್ಟುಕೊಂಡಿದ್ದ ಕೆಲವರಿಗೆ 'ಊರೆಲ್ಲ ನನ್ನ ಹಾಗೇ ಯೋಚಿಸುತ್ತದೆ' ಎಂಬ ಧೈರ್ಯ ಬಂತು. ಆ ಧೈರ್ಯ ಇಳಿಯಬೇಕಾದರೆ ಪಕ್ಕದಲ್ಲಿ ನಿಂತವರು ಒಬ್ಬರಾದರೂ 'ನಾನು ಹಾಗೆ ಯೋಚಿಸುವುದಿಲ್ಲ' ಅನ್ನಬೇಕು. ನಿಮ್ಮ ಊರಲ್ಲಿ ಆ ಮಾತನ್ನು ಅದೇ ಪಕ್ಷದವರು ಹೇಳಿದರೆ ತೂಕ ಜಾಸ್ತಿ. ಬೈಯುತ್ತಿರುವವರು ಮೈದುನನ ಕಡೆಯವರಾದರೆ ಮೈದುನ ಹೇಳಬೇಕು, ಯಜಮಾನರ ಕಡೆಯವರಾದರೆ ಯಜಮಾನರು ಹೇಳಬೇಕು. ಡಿಸೆಂಬರ್ ಬಂದರೆ ಕಾಫಿ ಹಣ್ಣಾಗುತ್ತದೆ. ಕುಯ್ಲಿಗೆ ಜನ ಸಿಗದೆ ಇಬ್ಬರೂ ಪರದಾಡುವವರೇ. ಮಾತು ಶುರು ಮಾಡಲು ಇದಕ್ಕಿಂತ ಒಳ್ಳೆಯ ನೆಪ ಬೇಕಾಗಿಲ್ಲ.

ಇನ್ನು ಹುತ್ತರಿ. ಚೆನ್ ಮತ್ತು ರೋಲಾ ಎಂಬ ಇಬ್ಬರು ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅಮೆರಿಕದಲ್ಲಿ ಟ್ರಂಪ್ ಮೊದಲ ಸಲ ಗೆದ್ದ ಎರಡೇ ವಾರಕ್ಕೆ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬಂದಿತ್ತು. ಅದೂ ಮನೆಮಂದಿಯೆಲ್ಲ ಸೇರಿ ಊಟ ಮಾಡುವ ಹಬ್ಬ. ಮೊಬೈಲ್ ಇದ್ದ ಜಾಗದ ಮಾಹಿತಿ ಇಟ್ಟುಕೊಂಡು ನೋಡಿದಾಗ, ಬೇರೆ ಪಕ್ಷದ ಒಲವಿನ ಊರಿಗೆ ಹಬ್ಬಕ್ಕೆ ಹೋದವರು 30ರಿಂದ 50 ನಿಮಿಷ ಬೇಗ ಎದ್ದು ಬಂದಿದ್ದರು. ಇದನ್ನು ಓದಿ ಬೇಸರಪಟ್ಟವರು ಬಹಳ. ನನಗೆ ಕಂಡದ್ದು ಇನ್ನೊಂದು. ಅವರು ಹೋಗಿದ್ದರು. ಬೇಗ ಎದ್ದರು ನಿಜ, ಆದರೆ ಹೋಗಿ ಊಟ ಮಾಡಿ ಎದ್ದರು. ನೀವೂ ಅಷ್ಟು ಮಾಡಿದರೆ ಈ ವರ್ಷಕ್ಕೆ ಸಾಕು.

ಹುತ್ತರಿಯಲ್ಲಿ ಒಂದು ಅನುಕೂಲ ಇದೆ. ಎಲ್ಲಕ್ಕೂ ಹೊತ್ತು ಗೊತ್ತಾಗಿರುತ್ತದೆ. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ಮುಹೂರ್ತ ಇಟ್ಟಿರುತ್ತಾರೆ. ನೆರೆ ಕಟ್ಟುವುದು (ಎಲೆಗಳನ್ನು ಸೇರಿಸಿ ಕಟ್ಟುವುದು) ಇಂಥ ಹೊತ್ತಿಗೆ, ಕದಿರು (ಭತ್ತದ ತೆನೆ) ತೆಗೆಯುವುದು ಇಂಥ ಹೊತ್ತಿಗೆ, ಊಟ ಇಂಥ ಹೊತ್ತಿಗೆ. ನೆರೆ ಕಟ್ಟುವ ಹೊತ್ತಿಗೆ ಸರಿಯಾಗಿ ಹೋಗಿ, ಎರಡು ಗಂಟೆ ಮುಂಚೆ ಹೋಗಬೇಡಿ. ಎಲೆ ಕಟ್ಟುವಾಗ, ಗದ್ದೆಗೆ ಇಳಿಯುವಾಗ, ಗುಂಡು ಹಾರಿಸಿ 'ಪೊಲಿ ಪೊಲಿ ದೇವಾ' ಅನ್ನುವಾಗ ಯಾರಿಗೂ ರಾಜಕೀಯ ಮಾತಾಡಲು ಬಿಡುವು ಇರುವುದಿಲ್ಲ. ಹಿರಿಯರ ಕಾಲು ಹಿಡಿಯುವ ಕ್ರಮ ಇದ್ದೇ ಇದೆ. ಮೈದುನ ಅಣ್ಣನ ಕಾಲು ಮುಟ್ಟಿದರೆ ಅಣ್ಣ ಆಶೀರ್ವಾದ ಮಾಡಲೇಬೇಕು. ಅದಕ್ಕೆ ಮಾತೂ ಬೇಡ, ಕ್ಷಮೆ ಕೇಳುವುದೂ ಬೇಡ. ತಂಬುಟ್ಟು ತಿಂದು, ಊಟ ಮಾಡಿ. ಆಮೇಲೆ ಗಂಡಸರು ಗ್ಲಾಸು ಹಿಡಿದು ಕೂರುವ ಹೊತ್ತಿಗೆ ಹೊರಟುಬಿಡಿ. ಹಬ್ಬದ ಮನೆಯಲ್ಲಿ ಕೆಡುವುದೆಲ್ಲ ಆ ಹೊತ್ತಿನಲ್ಲೇ.

ಮೊದಲೇ ಒಂದು ಫೋನ್ ಮಾಡಬೇಕು. ಅದನ್ನು ನಿಮ್ಮ ಓರಗಿತ್ತಿಗೆ ನೀವೇ ಮಾಡಿ. 'ಏನು ತರಲಿ' ಅಂತ ಮಾತ್ರ ಕೇಳಿ. ನಿಮ್ಮ ಒಕ್ಕದ (ಮನೆತನದ) ಹಿರಿಯರಾದ ಪಟ್ಟೆದಾರರಿಗೂ ಒಂದು ಮಾತು ಹೇಳಿಡಿ. ರಾಜಿ ಪಂಚಾಯ್ತಿ ಮಾಡಿಸಿ ಅಂತ ಕೇಳಬೇಡಿ. ಹತ್ತು ಜನರ ಎದುರು ಕೈ ಕುಲುಕಿಸಿದರೆ ಮನೆಗೆ ಹೋದ ಮೇಲೆ ಇನ್ನೂ ಉರಿಯುತ್ತದೆ. 'ಇಬ್ಬರಿಗೂ ಒಂದೊಂದು ಕೆಲಸ ಕೊಡಿ' ಅಂತ ಕೇಳಿಕೊಳ್ಳಿ, ಸಾಕು.

ಪಟಾಕಿ ಹಚ್ಚಿದ ಹುಡುಗನ ವಿಷಯದಲ್ಲಿ ನಿಮ್ಮ ಯಜಮಾನರಿಗೆ ನೋವಾಗಿರುವುದು ನ್ಯಾಯವೇ. ಅವನು ದೊಡ್ಡಪ್ಪನ ಗೇಟಿನ ಮುಂದೆ ಹಾಗೆ ಮಾಡಬಾರದಿತ್ತು. ಇದನ್ನು ಅವನಿಗೆ ನೇರವಾಗಿ ಹೇಳಬೇಕು. ಹೇಳಬೇಕಾದವರು ನೀವು, ಅವನ ದೊಡ್ಡಮ್ಮ. 'ನೀನು ಯಾರಿಗಾದರೂ ಮತ ಹಾಕು, ಅದು ನಿನ್ನಿಷ್ಟ. ಅವತ್ತು ನಮ್ಮ ಗೇಟಿನ ಮುಂದೆ ಹಚ್ಚಿದ್ದು ನಮಗೆ ಬೇಜಾರಾಯ್ತು' ಅಂತ ಹೇಳಿ, ಅಲ್ಲಿಗೇ ನಿಲ್ಲಿಸಿ. ಉತ್ತರಕ್ಕೆ ಕಾಯಬೇಡಿ. ಆ ವಯಸ್ಸಿನ ಹುಡುಗರು ಅಲ್ಲೇ ಉತ್ತರ ಕೊಡುವುದಿಲ್ಲ, ನಾಲ್ಕು ದಿನ ಬಿಟ್ಟು ಯಾವುದೋ ಕೆಲಸದ ನೆಪದಲ್ಲಿ ಮನೆಗೆ ಬರುತ್ತಾರೆ. ಬಂದರೆ ಕಾಫಿ ಕೊಡಿ.

ಅಣ್ಣ–ತಮ್ಮ ಮಾತಾಡಲು ಶುರು ಮಾಡಿದರೂ ಚುನಾವಣೆಯ ವಿಷಯ ಎತ್ತುವುದು ಬೇಡ. ಪಂಪಿನಿಂದ ಶುರು ಮಾಡಲಿ. 1954ರಲ್ಲಿ ಮುಜಫರ್ ಶೆರೀಫ್ ಎಂಬ ಮನಶ್ಶಾಸ್ತ್ರಜ್ಞ ಅಮೆರಿಕದ ಒಕ್ಲಹೋಮದಲ್ಲಿ ಹುಡುಗರ ಶಿಬಿರ ನಡೆಸಿ, ಎರಡು ಗುಂಪು ಮಾಡಿ, ಪಂದ್ಯ ಕಟ್ಟಿಸಿ ಜಗಳ ಹಚ್ಚಿದ್ದ. ಆಮೇಲೆ ಎರಡೂ ಗುಂಪನ್ನು ಒಟ್ಟಿಗೆ ಕೂರಿಸಿ ಊಟ ಹಾಕಿಸಿದ, ಸಿನಿಮಾ ತೋರಿಸಿದ. ಜಗಳ ನಿಲ್ಲಲಿಲ್ಲ. ಶಿಬಿರಕ್ಕೆ ನೀರು ಬರುವುದು ನಿಂತು, ಎಲ್ಲಿ ಕಟ್ಟಿಕೊಂಡಿದೆ ಅಂತ ಎರಡೂ ಗುಂಪು ಸೇರಿ ಹುಡುಕಬೇಕಾಗಿ ಬಂದಾಗ, ಅಂಥದೇ ಇನ್ನೆರಡು ಕೆಲಸ ಒಟ್ಟಿಗೆ ಮಾಡಿದ ಮೇಲೆ, ಹುಡುಗರು ಒಂದಾದರು. ಆ ಪ್ರಯೋಗದ ಮೇಲೆ ಟೀಕೆಗಳಿವೆ, ಮಕ್ಕಳಿಗೆ ಜಗಳ ಹಚ್ಚಿದ್ದು ನನಗೂ ಸರಿ ಕಾಣುವುದಿಲ್ಲ. ಆದರೆ ಬರೀ ಒಟ್ಟಿಗೆ ಕೂರಿಸಿದರೆ ಸಾಲದು, ಒಟ್ಟಿಗೆ ಮಾಡಲೇಬೇಕಾದ ಕೆಲಸ ಬೇಕು ಎನ್ನುವುದನ್ನು ನಾನು ಮನೆಮನೆಯಲ್ಲೂ ಕಂಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದಾಗ ಕೊಡಗಿನವರೂ ಅದನ್ನು ಮಾಡಿ ತೋರಿಸಿದರು. ಅದಕ್ಕೆ ಮೂರು ತಿಂಗಳ ಹಿಂದಷ್ಟೇ ವಿಧಾನಸಭಾ ಚುನಾವಣೆ ಮುಗಿದಿತ್ತು. ಪರಿಹಾರ ಕೇಂದ್ರದಲ್ಲಿ ಅನ್ನ ಬಡಿಸುವವರನ್ನು ಯಾರೂ ಪಕ್ಷ ಕೇಳಲಿಲ್ಲ.

ಇಷ್ಟೆಲ್ಲ ಮಾಡಿದರೂ ಮೈದುನ ಮುಖ ತಿರುಗಿಸಿ ಹೋಗಬಹುದು. ನಿಮ್ಮ ಯಜಮಾನರೇ ಹಟ ಹಿಡಿಯಬಹುದು. ಆಗ ನೀವು ಸೋತಿರಿ ಅಂತ ಅಂದುಕೊಳ್ಳಬೇಡಿ. ಹೆಂಗಸರು, ಮಕ್ಕಳ ನಡುವಿನ ಹೋಗುಬರುವುದು ನಿಲ್ಲದೆ ಇದ್ದರೆ ಗಂಡಸರು ವಾಪಸ್ ಬರಲು ದಾರಿ ಇರುತ್ತದೆ. ಆಸ್ತಿ, ಹಳೆಯ ಪಾಲಿನ ತಕರಾರು ಏನಾದರೂ ಈ ಜಗಳದ ಅಡಿಯಲ್ಲಿ ಇದೆಯಾ ಅಂತಲೂ ಒಮ್ಮೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ಇರುತ್ತದೆ, ಪಕ್ಷದ ಹೆಸರಿನಲ್ಲಿ ಹೊರಗೆ ಬರುತ್ತದೆ. ಹಾಗಿದ್ದರೆ ಅದನ್ನು ಬೇರೆಯಾಗಿ ಕೂತು ಬಗೆಹರಿಸಬೇಕು. ನನಗೆ ಮತ್ತೆ ಬರೆಯಿರಿ.

ಪಂಪಿನ ಸರದಿ, ಡೀಸೆಲ್ ಖರ್ಚು, ರಿಪೇರಿ ಯಾರದು ಎನ್ನುವುದನ್ನು ಮಾತ್ರ ಜನವರಿ ಮುಗಿಯುವುದರೊಳಗೆ ಒಂದು ಹಾಳೆಯ ಮೇಲೆ ಬರೆದು ಇಬ್ಬರಿಂದಲೂ ಸಹಿ ಹಾಕಿಸಿ. ಎದುರುಬದುರು ಕೂರದಿದ್ದರೆ ಹಾಳೆಯನ್ನು ನೀವೂ ಓರಗಿತ್ತಿಯೂ ಓಡಾಡಿಸಿ. ಫೆಬ್ರವರಿ–ಮಾರ್ಚ್‌ನಲ್ಲಿ ಕಾಫಿ ಹೂ ಬಿಡಿಸುವ ಹೂಮಳೆ ಕೈಕೊಟ್ಟರೆ ಎರಡು ತೋಟಕ್ಕೂ ಒಂದೇ ವಾರದಲ್ಲಿ ಅದೇ ಕೆರೆಯ ನೀರು ಬೇಕಾಗುತ್ತದೆ. ಆಗ ಮಾತಾಡಿಕೊಳ್ಳೋಣ ಅಂದರೆ ಹೊತ್ತು ಸಿಗುವುದಿಲ್ಲ.